ಎರಡನೆಯ ಎಣಿಕೆ

ಗೋಡೆಯ ಆಚೆಯಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಬರುತ್ತಿತ್ತು. ರಾತ್ರಿ ಹನ್ನೊಂದು ದಾಟಿತ್ತು. ಆಸ್ಪತ್ರೆಯ ಹಿಂಬದಿಯ ಪ್ರಯೋಗಾಲಯದಲ್ಲಿ ಇಬ್ಬರೇ ಉಳಿದಿದ್ದರು. ಒಳಕೋಣೆಯಲ್ಲಿ ಅವಳು, ಹೊರಕೋಣೆಯಲ್ಲಿ ಹಿರಿಯ ಸಹೋದ್ಯೋಗಿ ದೊಡ್ಡಕ್ಕ. ಸದ್ದು ದೊಡ್ಡಕ್ಕನ ಕೌಂಟರಿನದು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಯಂತ್ರ ಅದು. ಹೆಬ್ಬೆರಳಿನಿಂದ ಒಂದು ಸಲ ಗುಂಡಿ ಒತ್ತಿದರೆ ಒಂದು ಅಂಕೆ ಮುಂದೆ ಸರಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟವರು ಕಣ್ಣು ತೆಗೆಯದೆ ಎಣಿಸಲಿ ಎಂದು ಇಬ್ಬರಿಗೂ ಒಂದೊಂದು ಕೊಟ್ಟಿದ್ದರು.

ಅವಳ ಪಾಲಿನ ಸ್ಲೈಡುಗಳು ಆಗಷ್ಟೇ ಮುಗಿದಿದ್ದವು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಕುರ್ಚಿಗೆ ಒರಗಿದಳು. ಒಂದು ವರ್ಷದಿಂದ ಆ ಸದ್ದು ಅವಳಿಗೆ ಜೊತೆಯಿತ್ತು. ತಾನೊಬ್ಬಳೇ ಅಲ್ಲ, ಆಚೆ ಇನ್ನೊಂದು ಜೋಡಿ ಕಣ್ಣು ಇದನ್ನೇ ನೋಡುತ್ತಿದೆ, ತಾನು ಎಲ್ಲಾದರೂ ತಪ್ಪಿದರೆ ಆ ಕಣ್ಣು ಹಿಡಿಯುತ್ತದೆ ಎಂಬ ಧೈರ್ಯ ಅದು. ಟಿಕ್. ಟಿಕ್. ಟಿಕ್. ಟಿಕ್.

ಅರೆನಿದ್ದೆಯಲ್ಲಿದ್ದವಳಿಗೆ ಏನೋ ಚುಚ್ಚಿದಂತಾಯಿತು. ಸದ್ದು ತೀರಾ ಸಮನಾಗಿತ್ತು, ಗಡಿಯಾರದಂತೆ.

ಎಣಿಸಿ ಗೊತ್ತಿದ್ದವರಿಗೆ ಮಾತ್ರ ಇದು ತಿಳಿಯುವ ವಿಷಯ. ರೋಗಿಯ ಕ್ಯಾನ್ಸರ್ ಗಡ್ಡೆಯ ಚೂರಿನಲ್ಲಿ ಎಣಿಸಬೇಕಾದ ಕಣಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿರುವುದಿಲ್ಲ. ಒಂದು ಕಡೆ ಏಳೆಂಟು ಗುಂಪುಗೂಡಿರುತ್ತವೆ, ಆಮೇಲೆ ಬಯಲು, ಮತ್ತೆಲ್ಲೋ ಒಂದು, ಆಚೆ ಮೂರು. ನಿಜವಾಗಿ ಎಣಿಸುವವರ ಗುಂಡಿ ಟಿಕ್‌ಟಿಕ್‌ಟಿಕ್ ಎಂದು ಓಡಿ, ನಿಂತು, ತಡವರಿಸಿ, ಮತ್ತೆ ಓಡುತ್ತದೆ. ಇದು ಹಾಗಿರಲಿಲ್ಲ.

ಚಪ್ಪಲಿ ಬಿಟ್ಟು ಬಾಗಿಲ ಬಳಿ ಹೋದಳು. ಬಾಗಿಲಿನ ಮೇಲರ್ಧ ಗಾಜು. ದೊಡ್ಡಕ್ಕ ಎಡಗೈಯನ್ನು ಗಲ್ಲಕ್ಕೆ ಕೊಟ್ಟು ಕೂತಿದ್ದಳು. ಮೈಕ್ರೋಸ್ಕೋಪಿನ ದೀಪ ಆರಿತ್ತು. ಬಲಗೈ ಮಾತ್ರ ಗುಂಡಿ ಒತ್ತುತ್ತಿತ್ತು. ಮುಂದೆ ಹರಡಿದ್ದು ದೊಡ್ಡಕ್ಕನದಲ್ಲ, ಬಾಗಿಲಲ್ಲಿ ನಿಂತವಳ ಎಣಿಕೆಯ ಹಾಳೆ. ಅಂದು ಸಂಜೆಯವರೆಗಿನ ಎಣಿಕೆ ಬರೆದು ಅವಳೇ ಲಕೋಟೆಗೆ ಹಾಕಿ, ಅಂಟಿಸಿ, ಬೀಗದ ಡ್ರಾಯರಿಗೆ ಹಾಕಿದ್ದ ಹಾಳೆ. ಲಕೋಟೆ ಒಡೆದಿತ್ತು. ನೋಡುತ್ತಿದ್ದಂತೆ ದೊಡ್ಡಕ್ಕ ಗುಂಡಿ ಒತ್ತುವುದನ್ನು ನಿಲ್ಲಿಸಿದಳು. ಅವಳ ಹಾಳೆಯ ಸಾಲೊಂದರ ಮೇಲೆ ಬೆರಳಿಟ್ಟು, ತನ್ನ ಹಾಳೆಯಲ್ಲಿ ಏನೋ ಬರೆದಳು. ಮತ್ತೆ ಗುಂಡಿ ಹಿಡಿದಳು.

ಬರೆಯುವುದಕ್ಕೆ ಗುಂಡಿ ಬೇಕಿರಲಿಲ್ಲ. ಹಾಗಾದರೆ ಸದ್ದು ಯಾರಿಗಾಗಿ ಎಂದು ಅವಳು ಯೋಚಿಸಿದಳು. ಒಳಕೋಣೆಯಲ್ಲಿ ಇದ್ದವಳು ತಾನೊಬ್ಬಳೇ.

ಅವಳು ಬಾಗಿಲು ತೆರೆಯಲಿಲ್ಲ. ಹಿಂದೆ ಬಂದು, ಚಪ್ಪಲಿ ಮೆಟ್ಟಿ, ಕುರ್ಚಿಯನ್ನು ಸದ್ದಾಗುವಂತೆ ಎಳೆದು, ತಾನು ಹೊರಟೆ ಎಂದು ಒಳಗಿನಿಂದಲೇ ಕೂಗಿ ಹೇಳಿದಳು. ಹುಷಾರಾಗಿ ಹೋಗು ಎಂದಳು ದೊಡ್ಡಕ್ಕ, ಹನ್ನೆರಡು ವರ್ಷಗಳಿಂದ ಹೇಳುತ್ತಿದ್ದ ಅದೇ ದನಿಯಲ್ಲಿ.

ಆ ಪ್ರಯೋಗಾಲಯದಲ್ಲಿ ಎಲ್ಲರೂ ದೊಡ್ಡಕ್ಕನ ಈ ಶಿಷ್ಯೆಯನ್ನು ‘ಎರಡ್ಸಲ’ ಎಂದೇ ಕರೆಯುತ್ತಿದ್ದರು. ಗ್ಯಾಸ್ ಆರಿಸಿದೆಯೇ ಎಂದು ಎರಡು ಸಲ, ಬೀಗ ಬಿದ್ದಿದೆಯೇ ಎಂದು ಎರಡು ಸಲ, ಚೀಟಿಯ ಸಂಖ್ಯೆ ಎರಡು ಸಲ ನೋಡುವವಳು. ಅವಳು ಮದುವೆಯಾದರೆ ಗಂಡನನ್ನೂ ಎರಡು ಸಲ ಮದುವೆಯಾಗುತ್ತಾಳೆ ಎಂದು ತಂಗಿ ಆಡಿಕೊಳ್ಳುತ್ತಿದ್ದಳು. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ದಿನ ಅವಳ ಕೈಗೆ ಮೊದಲ ಸ್ಲೈಡು ಕೊಟ್ಟವಳು ದೊಡ್ಡಕ್ಕ. ಕಲ್ಲಿನಂಥ ಮೂಳೆಯ ಚೂರನ್ನು ದ್ರವದಲ್ಲಿ ದಿನಗಟ್ಟಲೆ ನೆನೆಸಿ ಮೆದುವಾಗಿಸುವುದು, ಮೇಣದಲ್ಲಿ ಕೂರಿಸುವುದು, ಕೂದಲಿಗಿಂತ ತೆಳ್ಳಗೆ ಕೊಯ್ಯುವುದು, ಎಲ್ಲವನ್ನೂ ಅವಳೇ ಕಲಿಸಿದ್ದು. ಅವಸರ ಮಾಡಿದರೆ ಬಣ್ಣ ಹಿಡಿಯುವುದಿಲ್ಲ, ಬಣ್ಣ ಹಿಡಿಯದಿದ್ದರೆ ಗಾಜು ಸುಳ್ಳು ಹೇಳುತ್ತದೆ ಎಂದು ಹೇಳಿಕೊಟ್ಟವಳೂ ಅವಳೇ.

ಅಧ್ಯಯನ ಡಾಕ್ಟರದು. ಮೂಳೆಯ ಕ್ಯಾನ್ಸರ್ ಬಂದ ನೂರ ನಲವತ್ತು ಜನರ ಗಡ್ಡೆಯ ಚೂರುಗಳು. ಗಡ್ಡೆ ಎಂಥದ್ದು ಎಂದು ನೋಡಿದರೆ ಸಾಲದು, ಅದರ ಸುತ್ತಮುತ್ತ ಯಾರಿದ್ದಾರೆ ಎಂದೂ ನೋಡಬೇಕು ಎನ್ನುವುದು ಅವರ ಮಾತು. ಮೈಯನ್ನು ಕಾಯುವ ಬಿಳಿ ಕಣಗಳಲ್ಲಿ ಒಂದು ಜಾತಿ ಕೊಲ್ಲುವ ಕಣಗಳು. ಅವು ಗಡ್ಡೆಯ ಒಳಕ್ಕೆ ನುಗ್ಗಿದ್ದರೆ ರೋಗಿ ಹೆಚ್ಚು ಕಾಲ ಉಳಿಯುವುದನ್ನು ಹಲವರು ಕಂಡಿದ್ದರು. ಇನ್ನೊಂದು ಜಾತಿ ಭಕ್ಷಕ ಕಣಗಳು. ಅವುಗಳ ನಂಟು ಹೇಳಲು ಬರುವುದಿಲ್ಲ. ಒಮ್ಮೆ ಗಡ್ಡೆಯನ್ನೇ ತಿನ್ನುತ್ತವೆ, ಒಮ್ಮೆ ಅದಕ್ಕೇ ರಕ್ತದ ದಾರಿ ಮಾಡಿಕೊಡುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಎಂದು ಡಾಕ್ಟರು ನಗುತ್ತಿದ್ದರು. ಕೊನೆಗೆ ಮಾತ್ರ ನಗದೆ ಒಂದು ಮಾತು ಸೇರಿಸುತ್ತಿದ್ದರು: ಇದು ನೂರು ಜನರ ಲೆಕ್ಕ, ಒಬ್ಬರ ಹಣೆಬರಹ ಅಲ್ಲ.

ಒಂದೊಂದು ಜಾತಿಗೆ ಬೇರೆ ಬೇರೆ ಸ್ಲೈಡಿನಲ್ಲಿ ಬಣ್ಣ ಹಾಕಿದಾಗ ಆ ಕಣಗಳು ಕಂದಾಗಿ ಕಾಣುತ್ತವೆ, ಉಳಿದದ್ದೆಲ್ಲ ನೀಲಿ. ಒಂದು ಸ್ಲೈಡಿನಲ್ಲಿ ಹತ್ತು ಜಾಗ ಆರಿಸಿ ಕಂದು ಕಣಗಳನ್ನು ಎಣಿಸಬೇಕು. ಒಬ್ಬರ ಕಣ್ಣನ್ನು ನಂಬುವ ಹಾಗಿಲ್ಲ, ಆದ್ದರಿಂದ ಇಬ್ಬರು. ಒಬ್ಬರ ಎಣಿಕೆ ಇನ್ನೊಬ್ಬರಿಗೆ ಗೊತ್ತಾಗಬಾರದು, ಆದ್ದರಿಂದ ಲಕೋಟೆ. ಯಾರ ಸ್ಲೈಡು ಎಂಬುದು ಇಬ್ಬರಿಗೂ ಗೊತ್ತಾಗಬಾರದು, ಆದ್ದರಿಂದ ಹೆಸರಿನ ಬದಲು ಸಂಖ್ಯೆ. ಲಕೋಟೆಗಳ ಡ್ರಾಯರಿನ ಕೀಲಿ ಹಿರಿಯಳೆಂದು ದೊಡ್ಡಕ್ಕನ ಹತ್ತಿರ. ಮೊದಲ ಅರವತ್ತರ ಹಾಳೆಗಳನ್ನು ಹೋಲಿಸಿದ ದಿನ ಡಾಕ್ಟರು ಇಬ್ಬರನ್ನೂ ಕರೆದು ಹೊಗಳಿದ್ದರು. ಎರಡು ತಲೆ, ಒಂದೇ ಕಣ್ಣು ಎಂದಿದ್ದರು. ಆ ಮಾತನ್ನು ಅವಳು ಮನೆಗೆ ಹೋಗಿ ಅಮ್ಮನಿಗೆ ಎರಡು ಸಲ ಹೇಳಿದ್ದಳು.

ನಾಲ್ಕು ತಿಂಗಳ ಹಿಂದೆ ಎಂಬತ್ತೇಳನೆಯ ಸ್ಲೈಡು ಬಂದಿತ್ತು. ಸಂಖ್ಯೆ ಹೆಸರನ್ನು ಮುಚ್ಚುತ್ತದೆ, ಆಕಾರವನ್ನು ಮುಚ್ಚುವುದಿಲ್ಲ. ಮೂರು ತುಂಡು, ಮಧ್ಯದ್ದು ಕೊಕ್ಕೆಯಂತೆ ಬಾಗಿತ್ತು. ತಪಾಸಣೆಗೆಂದು ಹೆಸರಿನೊಡನೆ ಬಂದಾಗ ಅದನ್ನು ಮೇಣದಲ್ಲಿ ಕೂರಿಸಿದ್ದು ಅವಳ ಕೈಯೇ. ಅದು ಅವಳ ತಂಗಿಯ ಎಡಮಂಡಿಯ ಮೇಲಿನ ಮೂಳೆ. ತಂಗಿಗೆ ಇಪ್ಪತ್ತನಾಲ್ಕು ವರ್ಷ, ಪಾರ್ಸೆಲ್ ವ್ಯಾನ್ ಓಡಿಸುತ್ತಿದ್ದಳು. ಕ್ಲಚ್ ಒತ್ತಿ ಒತ್ತಿ ಮಂಡಿ ನೋವು ಎಂದು ಆರು ತಿಂಗಳು ಎಲ್ಲರೂ ನಂಬಿದ್ದರು.

ತಮ್ಮವರ ಚೂರು ಎಂದು ಗೊತ್ತಾದರೆ ಡಾಕ್ಟರಿಗೆ ಹೇಳಿ ಅದನ್ನು ಎಣಿಸದೆ ಬಿಟ್ಟುಬಿಡಬೇಕು ಎಂಬುದು ನಿಯಮ. ಅವಳು ಹೇಳಿದ್ದು ದೊಡ್ಡಕ್ಕನಿಗೆ. ದೊಡ್ಡಕ್ಕ ಸ್ಲೈಡನ್ನು ಅವಳ ಕೈಯಿಂದ ತೆಗೆದುಕೊಂಡು, ನೀನು ನೋಡಬೇಡ, ಎರಡೂ ಎಣಿಕೆ ನಾನೇ ಮಾಡುತ್ತೇನೆ, ಡಾಕ್ಟರಿಗೆ ಹೇಳಿದರೆ ಸುಮ್ಮನೆ ರಂಪ ಎಂದಿದ್ದಳು. ಅವಳು ಒಪ್ಪಿ ತಲೆಯಾಡಿಸಿದ್ದಳು. ಆ ತಪ್ಪು ಅವಳದೇ.

ಅದೇ ವಾರ ತಂಗಿ ಹಟ ಹಿಡಿದಳು. ಗಡ್ಡೆ ತೆಗೆದು ಲೋಹದ ಕೀಲು ಕೂರಿಸಿಯಾಗಿತ್ತು. ಇನ್ನು ಆರು ಸುತ್ತು ಔಷಧಿ ಬಾಕಿ. ಮೊದಲ ದಿನವೇ ಸೂಜಿ ಕಿತ್ತು ಹಾಕಿ, ಸತ್ತರೂ ಸರಿ, ವಾಂತಿ ಮಾಡುತ್ತಾ ಸಾಯುವುದಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಮ್ಮ ಬೇಡಿಕೊಂಡಳು, ಡಾಕ್ಟರು ಬುದ್ಧಿ ಹೇಳಿದರು, ಅಕ್ಕನಾದ ಅವಳು ಅತ್ತಳು. ಕೊನೆಗೆ ದೊಡ್ಡಕ್ಕ ಹೋಗಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತಳು. ಹೊರಗೆ ಬಂದಾಗ ತಂಗಿ ಸೂಜಿ ಚುಚ್ಚಲು ನರ್ಸನ್ನು ಕೂಗುತ್ತಿದ್ದಳು. ದೊಡ್ಡಕ್ಕ ಹೇಳಿದ್ದು ಒಂದೇ ಒಂದು ಅಂಕೆಯಂತೆ: ನಿನ್ನ ಗಡ್ಡೆಯೊಳಗೆ ಇನ್ನೂರ ಹನ್ನೆರಡು ಕೊಲ್ಲುವ ಕಣಗಳಿದ್ದವು, ಇಷ್ಟು ನಾನು ಯಾರಲ್ಲೂ ಕಂಡಿಲ್ಲ, ಯಾರಿಗೂ ಹೇಳಬೇಡ.

ಅಂದಿನಿಂದ ಮನೆಯವರ ಮುಂದೆ ತಂಗಿಯ ಬಾಯಲ್ಲಿ ಅದೇ. ತನ್ನ ಕೈಕೆಳಗೆ ಇನ್ನೂರ ಹನ್ನೆರಡು ಆಳುಗಳಿದ್ದಾರೆ, ಒಬ್ಬರೂ ರಜೆ ಕೇಳುವುದಿಲ್ಲ ಎನ್ನುತ್ತಿದ್ದಳು. ಊಟ ಸೇರದಿದ್ದಾಗ, ನಾನಲ್ಲ, ಅವರಿಗಾದರೂ ಹಾಕಬೇಕಲ್ಲ ಎಂದು ಎರಡು ತುತ್ತು ನುಂಗುತ್ತಿದ್ದಳು. ನಾಲ್ಕು ಸುತ್ತು ಹಾಗೆಯೇ ಮುಗಿದಿದ್ದವು. ಎಲ್ಲವನ್ನೂ ಎರಡು ಸಲ ನೋಡುವ ಅವಳು ಆ ಒಂದು ಅಂಕೆಯನ್ನು ಮಾತ್ರ ಎರಡನೆಯ ಸಲ ನೋಡಿರಲಿಲ್ಲ. ನೋಡಿದವಳು ದೊಡ್ಡಕ್ಕ, ಮತ್ತೇಕೆ ನೋಡಬೇಕು ಎಂದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ದೊಡ್ಡಕ್ಕ ಬರುವ ಮುಂಚೆಯೇ ಅವಳು ಎಂಬತ್ತೇಳನ್ನು ತೆಗೆದಳು. ಕೌಂಟರನ್ನು ಸೊನ್ನೆಗೆ ತಂದು, ಕಣ್ಣಿಟ್ಟಳು.

ನೀಲಿ. ಎಲ್ಲೆಲ್ಲೂ ನೀಲಿ. ಗಡ್ಡೆಯ ಅಂಚಿನಲ್ಲಿ ಕಂದು ಕಣಗಳು ಒಂದಷ್ಟು ನಿಂತಿದ್ದವು, ಬಾಗಿಲು ತಟ್ಟಿ ತಟ್ಟಿ ಸಾಕಾದವರಂತೆ. ಒಳಗೆ ಒಂದು. ಬಹಳ ದೂರದಲ್ಲಿ ಇನ್ನೊಂದು. ಹೆಬ್ಬೆರಳು ಕಾಯುತ್ತಾ ಕೂತಿತ್ತು. ಹತ್ತು ಜಾಗ ಮುಗಿದಾಗ ಕೌಂಟರಿನಲ್ಲಿ ಹತ್ತೊಂಬತ್ತು. ಬೇರೆ ಹತ್ತು ಜಾಗ ಆರಿಸಿ ಮತ್ತೆ ಎಣಿಸಿದಳು. ಇಪ್ಪತ್ತೊಂದು. ಭಕ್ಷಕ ಕಣಗಳಿಗೆ ಬಣ್ಣ ಹಾಕಿದ್ದ ಜೋಡಿ ಸ್ಲೈಡನ್ನೂ ನೋಡಿದಳು. ಅಲ್ಲಿ ಎಣಿಸಬೇಕಾಗಿಯೇ ಇರಲಿಲ್ಲ. ಕಂದು ತುಂಬಿ ತುಳುಕುತ್ತಿತ್ತು. ಅವು ಯಾರ ಕಡೆ ಎಂದು ಸ್ಲೈಡು ಹೇಳಲಿಲ್ಲ.

ಸ್ಲೈಡನ್ನು ಅದರ ಜಾಗಕ್ಕೆ ಇಟ್ಟು, ಮುಖ ತೊಳೆದುಕೊಂಡು, ಬಣ್ಣದ ಕೋಣೆಯಲ್ಲಿ ಕಾದಳು. ದೊಡ್ಡಕ್ಕ ಅಲ್ಲಿಗೇ ಮೊದಲು ಬರುತ್ತಿದ್ದದ್ದು, ಜಾಡಿಗಳ ದ್ರವ ಬದಲಿಸಲು. ಅವಳನ್ನು ನೋಡಿದ್ದೇ ದೊಡ್ಡಕ್ಕನಿಗೆ ಅರ್ಥವಾಯಿತೋ ಏನೋ, ಕೈಚೀಲ ಕೆಳಗಿಡಲಿಲ್ಲ.

“ಕಣ್ಣು ಯಾವಾಗಿಂದ ಕಾಣ್ತಿಲ್ಲ ದೊಡ್ಡಕ್ಕ?” ಎಂದಳು ಅವಳು. ಎಣಿಸಬಲ್ಲವಳು ನಕಲು ಮಾಡುವುದಕ್ಕೆ ಬೇರೆ ಕಾರಣ ಅವಳಿಗೆ ಹೊಳೆದಿರಲಿಲ್ಲ.

“ಹೋದ ವರ್ಷದಿಂದ,” ಎಂದಳು ದೊಡ್ಡಕ್ಕ. “ಓಡಾಡಕ್ಕೆ, ಓದಕ್ಕೆ ಏನೂ ತೊಂದ್ರೆ ಇಲ್ಲ. ಕಂದು ನೀಲಿ ಮಾತ್ರ ಒಂದೇ ಥರ. ರಿಟೈರಾಗಕ್ಕೆ ಇನ್ನೆರಡು ವರ್ಷ ಇದೆ ನಂದು. ಡಾಕ್ಟರಿಗೆ ಹೇಳಿದ್ರೆ ನಾಳೇನೇ ಮನೇಲಿ ಕೂರಿಸ್ತಾರೆ.”

“ನನಗಾದ್ರೂ ಹೇಳ್ಬಹುದಿತ್ತು.”

“ಹೇಳಿದ್ರೆ ನಿನ್ನ ಕೈ ನಡುಗ್ತಿತ್ತು. ನಿನ್ನ ಎಣಿಕೆ ತಪ್ಪಲ್ಲ ಕಣೇ, ಕಲಿಸಿದೋಳಿಗೆ ಗೊತ್ತಿಲ್ವಾ? ನಂಬಿದ್ದಕ್ಕೇ ನಕಲು ಮಾಡಿದೆ. ಒಂದೇ ಥರ ಕಾಣ್ಬಾರ್ದು ಅಂತ ಎರಡು ಕೂಡಿಸಿ, ಮೂರು ಕಳೆದು. ನಂಬದೋರನ್ನ ಯಾರು ನಕಲು ಮಾಡ್ತಾರೆ?”

ರಾತ್ರಿಯೆಲ್ಲ ಕಾಡಿದ್ದನ್ನು ಅವಳು ಆಗ ಕೇಳಿದಳು. “ಗುಂಡಿ ಯಾಕೆ ಒತ್ತುತ್ತಿದ್ರಿ?”

ದೊಡ್ಡಕ್ಕ ಒಂದು ಜಾಡಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದಳು. “ಸದ್ದಿಲ್ದಿದ್ರೆ ನೀನು ಎದ್ದು ಬಂದು ನೋಡ್ತಿದ್ದೆ. ನಿನಗೆ ಆ ಚಾಳಿ ಇದೆ.”

ಹೀಗೆ ಒಂದು ವರ್ಷ. ಅವಳ ಆತಂಕದ ಅಳತೆ ಸರಿಯಾಗಿ ಗೊತ್ತಿದ್ದ ದೊಡ್ಡಕ್ಕ, ಅದಕ್ಕೆ ತಕ್ಕಷ್ಟೇ ಸದ್ದು ಮಾಡಿ, ಮಗುವನ್ನು ತಟ್ಟಿ ಮಲಗಿಸುವಂತೆ ಮಲಗಿಸಿದ್ದಳು. ನಕಲು ಮಾಡಿದ್ದನ್ನು ಕ್ಷಮಿಸಬಹುದಿತ್ತೇನೋ. ಆ ಸದ್ದನ್ನು ಕ್ಷಮಿಸಲು ಆಗಲಿಲ್ಲ.

“ನನ್ನ ತಂಗೀದು ನಾನು ಎಣಿಸಿರ್ಲಿಲ್ಲ. ನಕಲು ಮಾಡಕ್ಕೆ ಏನೂ ಇರ್ಲಿಲ್ಲ. ಇನ್ನೂರ ಹನ್ನೆರಡು ಎಲ್ಲಿಂದ ಬಂತು?”

“ಬಾಯಿಗೆ ಬಂತು.” ದೊಡ್ಡಕ್ಕ ಈಗ ಅವಳ ಮುಖ ನೋಡಿದಳು. “ಇನ್ನೂರು ಅಂದ್ರೆ ಕಟ್ಟಿ ಹೇಳ್ದಂಗೆ ಕಾಣುತ್ತೆ ಅಂತ ಹನ್ನೆರಡು ಸೇರಿಸ್ದೆ. ಆ ಹುಡುಗಿ ಗೋಡೆ ನೋಡ್ಕೊಂಡು ಮಲಗಿತ್ತು, ನೀನು ಹೊರಗೆ ಕೂತು ಅಳ್ತಿದ್ದೆ. ಇನ್ನೇನು ಹೇಳ್ಬೇಕಿತ್ತು ನಾನು? ಆಮೇಲೆ ಅದನ್ನೇ ಹಾಳೇಲಿ ಬರ್ದೆ, ಹೇಳಿದ್ದು ಬೇರೆ ಬರ್ದಿದ್ದು ಬೇರೆ ಆಗ್ಬಾರ್ದು ಅಂತ. ಸೂಜಿ ಚುಚ್ಚಿಸ್ಕೊಂಡ್ಳೋ ಇಲ್ವೋ? ನಾಲ್ಕು ಸುತ್ತು ಆಯ್ತೋ ಇಲ್ವೋ?”

ಸಿಟ್ಟಿನಲ್ಲಿ ಕೂಗಾಡಲು ಬಂದಿದ್ದವಳಿಗೆ ಸಿಟ್ಟು ಹಿಡಿಯಲು ಒಂದು ಹಿಡಿಕೆಯೂ ಸಿಗಲಿಲ್ಲ. ತಂಗಿಯನ್ನು ಬದುಕಿನ ಕಡೆಗೆ ತಿರುಗಿಸಿದ ಮಾತೂ ಸುಳ್ಳು, ತನಗೆ ವರ್ಷವಿಡೀ ಧೈರ್ಯ ಕೊಟ್ಟ ಸದ್ದೂ ಸುಳ್ಳು, ಎರಡನ್ನೂ ಮಾಡಿದ್ದು ಒಂದೇ ಹೆಬ್ಬೆರಳು. ಇನ್ನು ಮುಂದೆ ನೀವು ನನ್ನ ಜೊತೆ ಮಾತಾಡಬೇಡಿ ಎಂದಷ್ಟೇ ಹೇಳಿ ಹೊರಗೆ ಬಂದಳು. ಹನ್ನೆರಡು ವರ್ಷಗಳಲ್ಲಿ ಅವಳು ದೊಡ್ಡಕ್ಕನಿಗೆ ಎದುರು ಹೇಳಿದ ಮೊದಲ ಮಾತು ಅದು.

ಆ ರಾತ್ರಿ ಡಾಕ್ಟರಿಗೆ ಪತ್ರ ಬರೆದಳು. ತನ್ನ ತಪ್ಪನ್ನೂ ಬಿಡದೆ, ಒಂದೊಂದು ಪದ ತೂಗಿ, ಒಂದೂವರೆ ಪುಟ. ಪಕ್ಕದ ಕೋಣೆಯಲ್ಲಿ ಅಮ್ಮ ನಾಳೆ ಆಸ್ಪತ್ರೆಗೆ ಹೋಗಲು ಬಟ್ಟೆ ಜೋಡಿಸುತ್ತಿದ್ದಳು. ನಾಳೆ ಐದನೆಯ ಸುತ್ತು. ಪತ್ರ ಮಡಚುವಾಗ ಅವಳಿಗೆ ಒಪ್ಪಿಗೆ ಪತ್ರದ ಒಂದು ಸಾಲು ನೆನಪಾಯಿತು. ಅಧ್ಯಯನಕ್ಕೆ ಸೇರುವಾಗ ತಂಗಿಗೆ ಅದನ್ನು ಓದಿ ಹೇಳಿದ್ದು ಅವಳೇ: ನಿಮ್ಮ ಮಾದರಿಯ ಪರೀಕ್ಷೆಯಲ್ಲಿ ತಪ್ಪು ನಡೆದದ್ದು ತಿಳಿದುಬಂದರೆ ನಿಮಗೆ ತಿಳಿಸಲಾಗುವುದು. ಡಾಕ್ಟರು ಅಂಥ ಸಾಲುಗಳನ್ನು ಅಲಂಕಾರಕ್ಕೆ ಹಾಕುವವರಲ್ಲ. ಒಬ್ಬೊಬ್ಬರನ್ನೇ ಕರೆದು, ಎದುರು ಕೂರಿಸಿ ಹೇಳುತ್ತಾರೆ. ತಂಗಿಯನ್ನೂ ಕರೆಯುತ್ತಾರೆ.

ಬೆಳಿಗ್ಗೆ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ ಸಿಕ್ಕಿತ್ತು. ತಂಗಿ ತಲೆಯ ಬಟ್ಟೆ ಬಿಚ್ಚಿ, ಬೋಳು ತಲೆ ಸವರಿಕೊಂಡು, ಈ ಸಲದ ವಾಂತಿ ಎಷ್ಟು ಎಂದು ಅಮ್ಮನ ಜೊತೆ ಬಾಜಿ ಕಟ್ಟುತ್ತಿದ್ದಳು. ಅಮ್ಮ ಐದು ಎಂದಳು. ತಂಗಿ ಮೂರು ಎಂದಳು. ನರ್ಸ್ ನರ ಹುಡುಕುತ್ತಿದ್ದಳು. ಚುಚ್ಚಿ ಚುಚ್ಚಿ ಸಾಕಾದ ಕೈ, ಒಂದೂ ಸಿಗುತ್ತಿರಲಿಲ್ಲ. ಎರಡು ಸಲ ಚುಚ್ಚಿ ತೆಗೆದಳು. ತಂಗಿಯ ತುಟಿ ಬೆಳ್ಳಗಾಯಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಆ ಎಳೆತವನ್ನು ಪಕ್ಕದಲ್ಲಿ ಕೂತಿದ್ದ ಅವಳು ನಾಲ್ಕು ತಿಂಗಳ ಹಿಂದೆ ನೋಡಿದ್ದಳು, ಅದಾದ ಮೇಲೆ ಮುಖ ಗೋಡೆಯ ಕಡೆ ತಿರುಗುತ್ತದೆ ಎಂಬುದೂ ಗೊತ್ತಿತ್ತು.

ಮುಖ ತಿರುಗಲಿಲ್ಲ. ತಂಗಿ ಒಂದು ಸಲ ಕಣ್ಣು ಮುಚ್ಚಿ, ತುಟಿಯೊಳಗೇ ಏನೋ ಅಂದುಕೊಂಡು, ಇನ್ನೊಂದು ಕೈ ಚಾಚಿದಳು.

“ಈ ಕಡೆ ನೋಡಿ ಸಿಸ್ಟರ್,” ಎಂದಳು. “ಒಳಗಿರೋರು ಹೆಚ್ಚು ಹೊತ್ತು ಕಾಯಲ್ಲ.”

ಅಷ್ಟರಲ್ಲಿ ಡಾಕ್ಟರು ಬಂದರು. ತಂಗಿಯ ಕಾಲು ಮಡಚಿಸಿ ನೋಡಿ, ಇನ್ನೊಂದು ತಿಂಗಳಿಗೆ ಕೋಲು ಬಿಡಬಹುದು ಎಂದರು. ಅಧ್ಯಯನದ ಕೊನೆಯ ಹಾಳೆಗಳು ಅಂದು ಸಂಜೆಯೊಳಗೆ ಅವರ ಮೇಜಿಗೆ ಬರಬೇಕಿತ್ತು. ಮಂಚದ ತುದಿಯಲ್ಲಿ ನಿಂತು ಅವಳ ಕಡೆ ತಿರುಗಿದರು.

“ಏನ್ರೀ ಎರಡ್ಸಲ, ಎಣಿಕೆ ಎಲ್ಲ ಸರಿ ಇದೆ ತಾನೆ? ನೀವು ಸರಿ ಅಂದ್ರೆ ನಾನು ಮತ್ತೆ ನೋಡಲ್ಲ.”

ಪತ್ರ ಕೈಚೀಲದಲ್ಲಿತ್ತು. ಚೀಲ ಅವಳ ತೊಡೆಯ ಮೇಲಿತ್ತು. ಮೊದಲ ಎಣಿಕೆ ನನ್ನದು, ಅದು ನಿಜವಾದದ್ದು, ತಂಗಿಯ ಒಂದು ಸಾಲು ಬಿಟ್ಟು ಉಳಿದದ್ದೆಲ್ಲ ಬದಲಾಗುವುದಿಲ್ಲ ಎಂದು ಮನಸ್ಸು ಆಗಲೇ ವಕೀಲಿ ಶುರು ಮಾಡಿತ್ತು. ಇದು ವಕೀಲಿ ಎಂದು ಅವಳಿಗೆ ಗೊತ್ತಿತ್ತು. ತನ್ನ ಕಣ್ಣೂ ತಪ್ಪಿರಬಹುದು, ಆ ತಪ್ಪು ಹಿಡಿಯಲೆಂದೇ ಎರಡನೆಯ ಕಣ್ಣು ಇಟ್ಟದ್ದು. ಆ ಕಣ್ಣು ಇರಲೇ ಇಲ್ಲ ಎಂಬುದು ಡಾಕ್ಟರಿಗೆ ಗೊತ್ತಾಗಬೇಕಾದ ವಿಷಯ, ನೂರ ನಲವತ್ತು ಮನೆಗಳಿಗೆ ಗೊತ್ತಾಗಬೇಕಾದ ವಿಷಯ. ತನ್ನನ್ನು ನಂಬಿ ನಿಂತ ಈ ಮನುಷ್ಯನ ಮುಂದೆ ತಾನು ಈಗ ಆಡುವ ಮಾತಿಗೂ ದೊಡ್ಡಕ್ಕ ಮಾಡಿದ್ದಕ್ಕೂ ಏನು ವ್ಯತ್ಯಾಸ ಎಂದು ಹುಡುಕಿದಳು. ಸಿಗಲಿಲ್ಲ.

ಸೂಜಿ ಒಳಗೆ ಹೋಯಿತು. ಕೊಳವೆಯಲ್ಲಿ ಒಂದಿಷ್ಟು ರಕ್ತ ಹಿಂದಕ್ಕೆ ಬಂದು, ಮತ್ತೆ ಒಳಕ್ಕೆ ಸರಿಯಿತು. ತಂಗಿ ಉಸಿರು ಬಿಟ್ಟು ದಿಂಬಿಗೆ ಒರಗಿದಳು.

“ಸರಿ ಇದೆ ಸರ್,” ಎಂದಳು ಅವಳು.

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಅಮ್ಮ ನೀರಿನ ಬಾಟಲಿ ತುಂಬಿಸಿಕೊಂಡು ಬಂದವಳು, ಯಾಕೆ ಹೀಗೆ ಬೆವರಿದ್ದೀಯ ಎಂದು ಕೇಳಿದಳು. ನಿದ್ದೆ ಇಲ್ಲ ಎಂದು ಹೇಳಿ ಅವಳು ಎದ್ದು ಕಿಟಕಿಯ ಪರದೆ ಎಳೆದಳು, ತಂಗಿಯ ಕಣ್ಣಿಗೆ ಬಿಸಿಲು ಬೀಳುತ್ತಿತ್ತು. ಇನ್ನೊಂದು ಸುತ್ತು ಇದೆ. ಅದು ಮುಗಿದ ಮೇಲೆ ಹೇಳಿದರಾಯಿತು ಎಂಬ ಯೋಚನೆಯೂ ಬಂತು. ಮುಗಿದ ಮೇಲೆ ಹೇಳಿದರೆ ತಂಗಿ ಮೊದಲು ಕೇಳುವ ಪ್ರಶ್ನೆ, ನಿನಗೆ ಯಾವತ್ತಿಂದ ಗೊತ್ತಿತ್ತು ಎನ್ನುವುದು. ಅದಕ್ಕೆ ಉತ್ತರ ಕೊಡಲು ತನ್ನಿಂದ ಆಗುವುದಿಲ್ಲ.

ಹಾಗಾಗಿ ಹೇಳುವುದು ಡಾಕ್ಟರಿಗೂ ಇಲ್ಲ, ಅಮ್ಮನಿಗೂ ಇಲ್ಲ, ತಂಗಿಗಂತೂ ಇಲ್ಲವೇ ಇಲ್ಲ. ಈಗಲೂ ಇಲ್ಲ, ಆಮೇಲೂ ಇಲ್ಲ. ಅವಳು ಪತ್ರವಿದ್ದ ಚೀಲದ ಜಿಪ್ ಎಳೆದು, ಸ್ಟೂಲಿನ ಮೇಲೆ ಕೂತು, ತಂಗಿಯ ತಣ್ಣನೆಯ ಪಾದವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.